ಬೆಕ್ಕಿಗೆ ಹೇಳಿದ್ದು, ಮಾಸ್ತರಿಗೆ ಮುಟ್ಟಿದ್ದು

ಮನೆ ಅಳಿಯನಾಗಿ ಬಾಳಿದವನು ನಗುವ ಸಂಗತಿ ಹುಡುಕಿಕೊಂಡು ಊರು ತಿರುಗಬೇಕಾಗಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆಯುವುದರೊಳಗೆ ಒಂದು, ಉಂಡು ಕೈ ತೊಳೆಯುವುದರೊಳಗೆ ಇನ್ನೊಂದು ತಾನಾಗಿಯೇ ನಡೆದುಹೋಗಿರುತ್ತದೆ. ನಗು ಬರುವುದು ಮಾತ್ರ ನಾಲ್ಕು ವರ್ಷ ಬಿಟ್ಟು. ಆ ಹೊತ್ತಿನಲ್ಲಿ ಬರುವುದು ಬರೀ ಬೆರಗು, ಬಾಯಿ ತೆರೆದು ನಿಂತ ಬೆರಗು.

ನಾನು ಕಂಪ್ಲಿಯವನು, ಶಾಲೆ ಮಾಸ್ತರ. ಆಗ ಮದ್ರಾಸಿನವರ ಆಳ್ವಿಕೆ. ನಮ್ಮ ಹೊಳೆಗೆ ಅಣೆಕಟ್ಟು ಕಟ್ಟುತ್ತಾರಂತೆ ಅನ್ನುವುದು ಇನ್ನೂ ಕಟ್ಟೆಯ ಮೇಲಿನ ಹರಟೆಯಾಗಿತ್ತು. ಮದುವೆಯಾಗಿ ವರ್ಷದ ಮೇಲೆ ನನಗೆ ಹೊಸಪೇಟೆಯ ಬೋರ್ಡ್ ಶಾಲೆಗೆ ವರ್ಗವಾಯಿತು. ಹೆಂಡತಿಯ ಮನೆ ಅಲ್ಲೇ ಚಿತ್ತವಾಡ್ಗಿಯಲ್ಲಿ. ಅವಳು ಒಬ್ಬಳೇ ಮಗಳು. ಮಾವ ತೀರಿಹೋಗಿದ್ದರು, ಮನೆಯಲ್ಲಿ ಇದ್ದದ್ದು ಅತ್ತೆಯವರು ಮಾತ್ರ. "ಬ್ಯಾರೆ ಮನಿ ಯಾಕ, ಇಲ್ಲೇ ಇರ್ಲಿ" ಅಂತ ಹೇಳಿಕಳಿಸಿದರು. ಮಾರ್ನವಮಿ ಮುಗಿದ ವಾರ ಒಂದು ತಗಡಿನ ಪೆಟ್ಟಿಗೆ, ಒಂದು ಕೊಡೆ, ಒಂದು ಬೆಕ್ಕು, ಇಷ್ಟು ಆಸ್ತಿಯೊಂದಿಗೆ ನಾನು ಆ ಮನೆಗೆ ಹೋಗಿ ಇಳಿದೆ. ಹೆಂಡತಿಗೆ ಆಗ ಆರು ತಿಂಗಳು.

ನಮ್ಮ ಕಡೆ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವುದಿಲ್ಲ. ಅದು ಸಿಟ್ಟಲ್ಲ, ಮರ್ಯಾದೆ. ತಲೆಯ ಮೇಲೆ ಸೆರಗೆಳೆದುಕೊಂಡು ಬಾಗಿಲ ಮರೆಯಲ್ಲಿ ನಿಂತು, ಹೇಳಬೇಕಾದ್ದನ್ನು ಇನ್ನೊಬ್ಬರಿಗೆ ಹೇಳಬೇಕು. ಅಳಿಯ ಕೇಳಿಸಿಕೊಂಡು ಅದರಂತೆ ನಡೆಯಬೇಕು. ಹಬ್ಬಕ್ಕೆ ಬಂದು ಹೋಗುವ ಅಳಿಯಂದಿರು ಎರಡು ದಿನ ಹೇಗೋ ನಿಭಾಯಿಸುತ್ತಾರೆ. ನಾನೋ ಮೂರು ಹೊತ್ತೂ ಮನೆಯಲ್ಲೇ ಇರುವವನು. ಮೊದಲ ನಾಲ್ಕು ದಿನ ಮಾತು ಮುಟ್ಟಿಸುವ ಕೆಲಸ ಹೆಂಡತಿ ಮಾಡಿದಳು. ಐದನೇ ದಿನ ಅವಳಿಗೆ ರೇಗಿತು. "ನೀವಿಬ್ರೂ ಒಂದ ಪಡಸಾಲ್ಯಾಗ ಕುಂತೀರಿ. ಒಬ್ರು ಹೇಳಿದ್ದು ಇನ್ನೊಬ್ರಿಗೆ ಕೇಳಸ್ತೈತಿ. ನಡುವ ನಾ ಒಬ್ಬಾಕಿ ಯಾಕ ಬಾಯಿ ನೋಯಿಸ್ಕೋಬೇಕು? ಮೊದಲ ನನಗ ಬಸುರಿನ ಉಬ್ಬಸ" ಅಂದು ಒಳಗೆ ಹೋಗಿ ಮಲಗಿದಳು.

ಅತ್ತೆಯವರು ಎರಡು ದಿನ ಪಡಸಾಲೆಯ ಕಂಬಕ್ಕೆ ಹೇಳಿ ನೋಡಿದರು. ಆಮೇಲೆ ಬೆಕ್ಕಿಗೆ ಹೇಳತೊಡಗಿದರು. ಕಂಬಕ್ಕಿಂತ ಬೆಕ್ಕು ವಾಸಿ, ಕಿವಿಯನ್ನಾದರೂ ಅಲ್ಲಾಡಿಸುತ್ತದೆ. ನಾನೂ ಉತ್ತರ ಬೆಕ್ಕಿಗೇ ಕೊಡತೊಡಗಿದೆ. ಅವರು ಬೆಕ್ಕಿಗೆ ಹೇಳಿದ ಮೊಟ್ಟಮೊದಲ ಮಾತು ಇದು:

"ಬೆಕ್ಕೇ, ನಿಮ್ಮ ಮಾಸ್ತರ್ರಿಗೆ ಹೇಳು. ಈ ಮನಿಯಾಗ ಕೆಲಸ ಇಲ್ದ ಉಣ್ಣೋದು ಒಂದ ಒಡಕ ಗಡಿಗಿನೂ ಇಲ್ಲ. ಕಣಜದಾಗ ಇಲಿ ಕುಣೀತಾವು. ಸಂಕ್ರಾಂತಿಯೊಳಗ ನೀನು ಒಂದರ ಇಲಿ ಹಿಡದ್ರ ಇಲ್ಲಿರ್ತಿ. ಇಲ್ಲಂದ್ರ ಬಂಡಿ ಹತ್ತಿ ಕಂಪ್ಲೀಗೆ ಹೋಗ್ತಿ."

ತಾಯಿ ಸತ್ತ ಆ ಮರಿಗೆ ಅರಳೆ ಅದ್ದಿ ಅದ್ದಿ ಹಾಲು ಕುಡಿಸಿ ಬೆಳೆಸಿದವನು ನಾನು. ಅದು ಇಲಿ ಹಿಡಿದದ್ದನ್ನು ಜನ್ಮದಲ್ಲಿ ನೋಡಿರಲಿಲ್ಲ. ಒಮ್ಮೆ ಇಲಿಯೇ ಅದರ ಬಾಲ ತುಳಿದುಕೊಂಡು ಹೋಗಿತ್ತು. ಸಾಲದ್ದಕ್ಕೆ ಇನ್ನೊಂದು ಅಳುಕು. ನಾವಿಬ್ಬರೂ ಒಂದೇ ಬಂಡಿಯಲ್ಲಿ ಕಂಪ್ಲಿಯಿಂದ ಬಂದವರು. ಇವತ್ತು ಅದಕ್ಕೆ ಜಾಗ ಇಲ್ಲ ಅಂದರೆ ನಾಳೆ ನನಗೆಲ್ಲಿ?

೧. ಇಪ್ಪತ್ತು ವರ್ಷದ ಕೆಂಡ

ಮನೆ ಅಳಿಯ ಕೂತು ಉಣ್ಣುತ್ತಾನೆ ಅನ್ನಿಸಿಕೊಳ್ಳಬಾರದೆಂದು ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದೆ. ಅಡುಗೆಮನೆಯಲ್ಲಿ ಒಲೆಯ ತುಂಬ ಬೂದಿ. ಗೋರಿ ಗೋರಿ ತೆಗೆದೆ. ತಳದಲ್ಲಿ ಏನೋ ಕೆಂಪಗೆ ಕಂಡಿತು. ಬೆಂಕಿ ಉಳಿದಿದೆಯಲ್ಲ, ಮನೆಗೆ ಅಪಾಯ ಅಂದುಕೊಂಡು ಒಂದು ತಂಬಿಗೆ ನೀರು ಸುರಿದೆ. ಚೊಂಯ್ ಅಂದಿತು. ಆ ಸದ್ದಿಗೆ ಅತ್ತೆಯವರು ಎದ್ದು ಬಂದವರು ಎದೆಯ ಮೇಲೆ ಕೈ ಇಟ್ಟುಕೊಂಡು ಗೋಡೆಗೆ ಒರಗಿಬಿಟ್ಟರು.

ಹೆಂಡತಿ ಬಂದು ಪಿಸುಗುಟ್ಟಿದಳು. ಅವಳವ್ವ ಈ ಮನೆಗೆ ಸೊಸೆಯಾಗಿ ಬಂದು ಒಲೆ ಹಚ್ಚಿದ ದಿನದ ಬೆಂಕಿಯಂತೆ ಅದು. ದಿನಾ ಕೆಂಡಕ್ಕೆ ಬೂದಿ ಹೊದಿಸಿ, ಬೆಳಿಗ್ಗೆ ಊದಿ ಎಬ್ಬಿಸಿ, ಇಪ್ಪತ್ತು ವರ್ಷ ಒಂದು ಕಡ್ಡಿ ಗೀರದೆ ನಡೆಸಿಕೊಂಡು ಬಂದಿದ್ದರಂತೆ. "ಆ ಕೆಂಡ ನನಗಿಂತ ಎರಡು ವರ್ಷ ದೊಡ್ಡದ್ರಿ" ಅಂದಳು. ನಾನು ಆ ಕರಿ ನೀರನ್ನು ನೋಡಿದೆ. ಮನೆಯ ಹಿರಿಯರೊಬ್ಬರನ್ನು ಕೊಂದ ಹಾಗಾಯಿತು. ಬಂದ ಎರಡನೇ ವಾರಕ್ಕೇ ನನ್ನ ಕತೆ ಮುಗಿಯಿತು ಅಂದುಕೊಂಡೆ.

ಆಗ ಹೆಂಡತಿಗೆ ಏನೋ ಹೊಳೆಯಿತು. ಎದುರು ಮನೆಯ ಅಜ್ಜಿ ಸೂಲಗಿತ್ತಿ. ದಿನಾ ಸಂಜೆ ನಮ್ಮ ಒಲೆಯಿಂದಲೇ ಒಂದು ಕೆಂಡ ಒಯ್ಯುವವಳು. ಹೆಂಡತಿ ಒಣಗಿದ ಸಗಣಿ ಕುಳ್ಳು ಹಿಡಿದುಕೊಂಡು ಹೋಗಿ ಅವಳ ಒಲೆಯಿಂದ ಬೆಂಕಿ ತಂದಳು. ಅತ್ತೆಯವರು ಊದಿದರು. ಉರಿ ಎದ್ದಿತು. ಸೆರಗಿನಿಂದ ಕಣ್ಣೊರೆಸಿಕೊಂಡು, ಬೆಕ್ಕಿನ ಕಡೆ ತಿರುಗಿದರು.

"ಬೆಕ್ಕೇ, ಮಾಸ್ತರ್ರಿಗೆ ಹೇಳು, ಎದಿ ಒಡಕೋಬ್ಯಾಡ್ರಿ ಅಂತ. ಬೆಂಕಿ ಸತ್ತಿಲ್ಲ. ಎದುರು ಮನೀಗೆ ಕೊಟ್ಟ ಮಗಳು ತೌರಿಗೆ ಬಂದಾಳ." ಒಲೆಯ ಸುತ್ತ ಹರಿದ ಕರಿ ನೀರು ನೋಡಿ ಮತ್ತೆ ಅಂದರು: "ಆದ್ರ ಆ ಒಂದ್ ತಂಬಿಗಿ ನೀರು ಸುಮ್ನ ಹಾಳಾತಲ್ಲ!"

೨. ಮಾವನ ಧೋತರ

ಆ ಮನೆಯ ತಂಬಿಗೆಗಳು ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಒಂದು ದಿನ ಹೆಂಡತಿಯನ್ನು ಕೇಳಿದೆ, "ಯಾವುದರಿಂದ ಬೆಳಗತೀರಿ ಇದನ್ನ?"

"ಅಪ್ಪನ ಧೋತರದಿಂದ" ಅಂದಳು.

ತಮಾಷೆ ಅಂದುಕೊಂಡೆ. ಅವಳು ಬೆರಳು ಮಡಚುತ್ತ ಹೇಳಿದಳು. ಅದು ಮಾವ ಮದುವೆಗೆ ಎಂಟು ವರ್ಷ ಮುಂಚೆ ಕೊಂಡ ಧೋತರ. ನಡುವೆ ಹರಿದಾಗ ಉದ್ದಕ್ಕೆ ಸೀಳಿ, ಗಟ್ಟಿ ಇದ್ದ ಅಂಚುಗಳನ್ನು ನಡುವಿಗೆ ತಂದು ಹೊಲಿದರು, ಇನ್ನೂ ಐದು ವರ್ಷ ಬಂತು. ಆಮೇಲೆ ರೊಟ್ಟಿ ಸುತ್ತಿಡುವ ಬಟ್ಟೆಯಾಯಿತು. ಇವಳು ಹುಟ್ಟಿದಾಗ ಇವಳ ಅಡಿಗೆ ಹಾಸುವ ಬಟ್ಟೆಯಾಯಿತು. ಆಮೇಲೆ ನೆಲ ಒರೆಸಿತು. ಒರೆಸಿ ಒರೆಸಿ ಜಾಳಾದ ಮೇಲೆ ಹೊಸೆದು ಚಿಮಣಿ ಬುಡ್ಡಿಗೆ ಬತ್ತಿ ಮಾಡಿದರು. ಉಳಿದ ಚಿಂದಿ ಒಲೆಗೆ ಹೋಗಿ ಬೂದಿಯಾಯಿತು. ಆ ಬೂದಿ ತಂಬಿಗೆ ಬೆಳಗಿತು.

ಎಂಥ ರಾಜರ ಪಟ್ಟೆ ವಸ್ತ್ರಕ್ಕೆ ಇಷ್ಟು ದೊಡ್ಡ ಆಯುಷ್ಯ ಸಿಕ್ಕಿರಬಹುದು ಹೇಳಿ! ತಂಬಿಗೆಗೆ ಕೈ ಮುಗಿದೆ. "ಹಂಗಾದ್ರ ಅಲ್ಲಿಗೆ ಮುಗೀತನ್ನು" ಅಂದೆ.

"ಮುಗಿಯೋದೇನ್ರಿ? ತಂಬಿಗಿ ತೊಳದ ನೀರು ಹಿತ್ತಲದ ಕುಂಬಳ ಬಳ್ಳಿಗೆ ಹೋಗತೈತಿ. ನಿನ್ನಿ ಎರಡು ಸಲ ಹಾಕಿಸ್ಕೊಂಡು ಉಂಡ್ರಲ್ಲ ಪಲ್ಯ, ಅದೂ ಅಪ್ಪನ ಧೋತರದ್ದ."

೩. ಬಸವಣ್ಣನಿಗೆ ದೂರು

ಕಾರ್ತಿಕ ಸೋಮವಾರ ವಿರೂಪಾಕ್ಷನ ದರ್ಶನಕ್ಕೆ ಅತ್ತೆಯವರು ಹಂಪಿಗೆ ನಡೆದೇ ಹೋಗುತ್ತಿದ್ದರು. ಆ ವರ್ಷ ಹೆಂಡತಿ ಬಸುರಿ. ಎದುರು ಮನೆಯ ಅಜ್ಜಿಯನ್ನು ಅವಳ ಜೊತೆಗಿಟ್ಟು, ಅತ್ತೆಯವರ ಹಿಂದೆ ನಾನು ಹೊರಟೆ. ಅವರು ಹತ್ತು ಮಾರು ಮುಂದೆ, ನಾನು ಹತ್ತು ಮಾರು ಹಿಂದೆ. ಬೆಕ್ಕು ಮನೆಯಲ್ಲಿ ಉಳಿದಿತ್ತು, ಹಾಗಾಗಿ ದಾರಿಯುದ್ದಕ್ಕೂ ಮೌನ.

ಅತ್ತೆಯವರ ಕಾಲು ಬರಿಗಾಲು. ಚಪ್ಪಲಿ ಕಂಕುಳಲ್ಲಿ. ಊರು ಬಂದಾಗ ನೆಲಕ್ಕೆ ಇಟ್ಟು, ಮೆಟ್ಟಿಕೊಂಡು, ನಾಲ್ಕು ಮನೆ ದಾಟಿ, ಊರು ಮುಗಿದ ಕೂಡಲೇ ಮತ್ತೆ ಬಿಚ್ಚಿ ಕಂಕುಳಿಗೆ. ಹದಿನೈದು ವರ್ಷದ ಹಿಂದೆ ಮಾಡಿಸಿದ ಚಪ್ಪಲಿಯಂತೆ, ಅಟ್ಟೆಯ ಮೇಲೆ ಹೊಲಿದವನ ಉಳಿಯ ಗೀರು ಇನ್ನೂ ಮಾಸಿರಲಿಲ್ಲ. ನಾನು ಮಾಸ್ತರ ಗತ್ತಿನಲ್ಲಿ ನನ್ನ ಹೊಸ ಚಪ್ಪಲಿಯನ್ನು ಚಟಚಟ ಬಡಿಯುತ್ತ ನಡೆದೆ.

ದರ್ಶನ ಮುಗಿಸಿ, ಬಜಾರದ ಆ ತುದಿಯಲ್ಲಿರುವ ಕಲ್ಲಿನ ನಂದಿ, ಎದುರು ಬಸವಣ್ಣನಿಗೆ ಕೈ ಮುಗಿಯಲು ಹೋದೆವು. ಕಲ್ಲಿನ ಮೆಟ್ಟಿಲಿಗೆ ಎಡವಿ ನನ್ನ ಚಪ್ಪಲಿಯ ಉಂಗುಟ ಕಿತ್ತುಬಂತು. ಅತ್ತೆಯವರು ನೋಡಿದರು. ಹೇಳದೆ ಇರಲಾರರು, ಹೇಳೋಣವೆಂದರೆ ಬೆಕ್ಕಿಲ್ಲ. ಮೇಲೆ ನೋಡಿದರು. ಆ ಎತ್ತರದ ಬಸವಣ್ಣನಿಗೇ ಕೈ ಮುಗಿದು ಜೋರಾಗಿ ಹೇಳಿದರು:

"ನನ್ನಪ್ಪ ಬಸವಣ್ಣ, ನೀನರ ಮಾಸ್ತರ್ರಿಗೆ ಬುದ್ಧಿ ಹೇಳು. ಕಾಲು ಸವದ್ರ ಮತ್ತ ಬೆಳೀತಾವು. ಚಪ್ಪಲಿ ಸವದ್ರ ಬೆಳೀತಾವೇನು?"

ಪಕ್ಕದಲ್ಲಿ ಸಂಡೂರಿನ ಕಡೆಯಿಂದ ಬಂದ ಒಬ್ಬ ಮುದುಕ ನಿಂತಿದ್ದ. ಯಾವುದೋ ದೊಡ್ಡ ಮಂತ್ರ ಕೇಳಿದವನಂತೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದ. ಅತ್ತೆಯವರ ಕಾಲಿಗೆ ಬಿದ್ದ. ಆಮೇಲೆ ತನ್ನ ಚಪ್ಪಲಿ ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಬರಿಗಾಲಲ್ಲಿ ಹೊರಟೇಬಿಟ್ಟ.

೪. ಬಿತ್ತನೆಯ ಕೋಟು

ಕಾರ್ತಿಕ ಕಳೆದು ಮುಂಜಾನೆ ಹೊತ್ತು ಹಲ್ಲು ಕಟಕಟ ಅನ್ನತೊಡಗಿತು. ಪುಷ್ಯದ ಥಂಡಿಯಲ್ಲಿ ಹುಟ್ಟುವ ಕೂಸಿಗೆ ಕೌದಿ ಆಗಬೇಕು. ಅತ್ತೆಯವರು ಮನೆಯ ಹಳೆ ಬಟ್ಟೆಯನ್ನೆಲ್ಲ ಹರವಿ ತುಂಡು ಮಾಡಿ ಜೋಡಿಸತೊಡಗಿದರು. ಅತ್ತೆಯವರ ಅತ್ತೆಯ ಇಳಕಲ್ ಸೀರೆಯ ಅಂಚು, ಹೆಂಡತಿ ಹುಡುಗಿಯಾಗಿದ್ದಾಗ ಉಟ್ಟ ಲಂಗ, ಹಿಟ್ಟಿನ ಚೀಲ. ಅವರ ಕಣ್ಣು ಗೂಟಕ್ಕೆ ನೇತುಹಾಕಿದ್ದ ನನ್ನ ಕೋಟಿನ ಮೇಲೂ ಒಂದೆರಡು ಸಲ ಹೋದದ್ದನ್ನು ಕಂಡೆ. ಇರಲಿಕ್ಕಿಲ್ಲ ಅಂದುಕೊಂಡೆ.

ಆ ವಾರ ಶಾಲೆಗೆ ಇನ್‌ಸ್ಪೆಕ್ಟರು ಬಂದರು. ನಾನು ಕೋಟು ತೊಟ್ಟು, ತರಗತಿಯ ಬಾಗಿಲಲ್ಲಿ ಬಲಗಿಸೆಗೆ ನಾಲ್ಕು ಸೀಮೆಸುಣ್ಣದ ತುಂಡು ಹಾಕಿಕೊಂಡು ಒಳಗೆ ಹೋದೆ. ಕೋಟು ಯಾಕೋ ಹಗುರ ಅನ್ನಿಸಿತು. ಇನ್‌ಸ್ಪೆಕ್ಟರು ಕುರ್ಚಿಯಲ್ಲಿ ಕೂತು, "ಬೋರ್ಡಿನ ಮೇಲೆ ಒಂದು ಲೆಕ್ಕ ಬರೀರಿ" ಅಂದರು. ಕಿಸೆಗೆ ಕೈ ಹಾಕಿದೆ. ಕೈ ಹೋಯಿತು, ಹೋಯಿತು, ಮೊಳಕಾಲ ಹತ್ತಿರ ಹೊರಗೆ ಬಂತು. ತಿರುಗಿ ನೋಡಿದರೆ, ಬಾಗಿಲಿನಿಂದ ಬೋರ್ಡಿನವರೆಗೆ ಮಾರಿಗೊಂದರಂತೆ ಸೀಮೆಸುಣ್ಣ ಬಿದ್ದಿವೆ.

ಇನ್‌ಸ್ಪೆಕ್ಟರು ಒಕ್ಕಲು ಮನೆತನದವರು. "ಏನ್ರಿ ಮಾಸ್ತರ್ರ, ಪಾಠ ಹೇಳ್ತೀರೋ ಬಿತ್ತಾಕ ಕೂರಿಗಿ ಹೊಡೀತೀರೋ?" ಅಂದರು. ತರಗತಿಯೆಲ್ಲಾ ಘೊಳ್ ಅಂದಿತು.

ನಾಚಿಕೆಯಿಂದ ಭೂಮಿಗಿಳಿದುಹೋದೆ. ಕೋಟಿನ ಅಂಚು ಮಗುಚಿ ನೋಡಿಕೊಂಡೆ. ಅಸ್ತರು ಇಲ್ಲ, ಕಿಸೆ ಇಲ್ಲ, ಒಳಗೆಲ್ಲ ಖಾಲಿ ಖಾಲಿ. "ಸಾರ್, ಮನಿಯಾಗ... ಅತ್ತಿಯವರು ಕೌದಿ ಹೊಲೀತಾರ್ರಿ" ಅಂದೆ.

ಇನ್‌ಸ್ಪೆಕ್ಟರ ನಗು ಗಕ್ಕನೆ ನಿಂತಿತು. ಮಕ್ಕಳನ್ನು ಆಡಲು ಹೊರಗೆ ಬಿಟ್ಟರು. ಬಾಗಿಲು ಮುಂದೆ ಮಾಡಿದರು. ಆಮೇಲೆ ಮೆಲ್ಲಗೆ ತಮ್ಮ ಕೋಟಿನ ಗುಂಡಿ ಬಿಚ್ಚಿ ಎರಡೂ ಕಡೆ ತೆರೆದು ತೋರಿಸಿದರು. ಅಲ್ಲೂ ಅಸ್ತರಿರಲಿಲ್ಲ.

"ನಮ್ಮ ಮನಿಯಾಗೂ ಹೊಲಿಯಾಕ ಹತ್ಯಾರ" ಅಂದರು.

೫. ಕೌದಿಯ ಹೊಟ್ಟೆ

ನನ್ನ ಕಿಸೆ ಎಲ್ಲಿ ಹೋಯಿತೆಂದು ತಿಳಿದದ್ದು ಕೌದಿ ಮುಗಿಯುವ ದಿನ. ನಮ್ಮ ಅತ್ತೆಯವರ ಪದ್ಧತಿಯಲ್ಲಿ, ಕೌದಿಯನ್ನು ಅಂಚಿನಿಂದ ಒಳಗೆ ಹೊಲಿದು ಬಂದು, ನಡುವೆ ಒಂದು ಅಂಗೈ ಅಗಲ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಅಲ್ಲಿ ಒಂದು ಚೂರು ರೊಟ್ಟಿ, ಒಂದು ಹರಳು ಬೆಲ್ಲ ಇಟ್ಟು ಮುಚ್ಚಿ ಹೊಲಿಯುತ್ತಾರೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದಂತೆ.

ಆ ಹೊಟ್ಟೆ ನನ್ನ ಕೋಟಿನ ಬಲಗಿಸೆ. ಒಳಗೆ ಸೀಮೆಸುಣ್ಣದ ಬಿಳಿ ಇನ್ನೂ ಹಾಗೇ ಇತ್ತು. ಓಣಿಯ ಹೆಂಗಸರೆಲ್ಲ ಸುತ್ತ ಕೂತಿದ್ದರು. ಅತ್ತೆಯವರು ರೊಟ್ಟಿಯನ್ನು ಮುರಿದರು, ಮತ್ತೆ ಮುರಿದರು, ಇನ್ನೊಮ್ಮೆ ಮುರಿದರು. ಕಡೆಗೆ ಇರುವೆ ಹೊತ್ತೊಯ್ಯುವಷ್ಟು ಚೂರನ್ನು ಕಿಸೆಯೊಳಗಿಟ್ಟರು. ನನಗೆ ತಡೆಯಲಾಗಲಿಲ್ಲ. "ಬೆಕ್ಕೇ, ಇನ್ನೊಂದಿಷ್ಟು ಇಡಬಹುದಲ್ಲ ಅಂತ ಕೇಳು. ಅದು ನನ್ನ ಕೂಸಿನ ಕೌದಿ" ಅಂದೆ.

ಅತ್ತೆಯವರು ಸೂಜಿ ಎಳೆದು ದಾರ ಕಚ್ಚಿದರು. "ಬೆಕ್ಕೇ, ಹೇಳು. ಕೌದಿಗೆ ಹೊಟ್ಟಿ ತುಂಬಿದ್ರ ಸಾಕು, ತೇಗು ಬರಬೇಕಾಗಿಲ್ಲ."

೬. ಬುಕ್ಕಸಾಗರದ ಇಲಿ

ಸಂಕ್ರಾಂತಿಗೆ ವಾರ ಉಳಿಯಿತು. ಬೆಕ್ಕು ಕೌದಿಯ ಹೊಟ್ಟೆಯನ್ನು ಮೂಸಿ ಮೂಸಿ ಅದರ ಮೇಲೇ ಮಲಗುತ್ತಿತ್ತೇ ಹೊರತು, ಕಣಜದ ಕಡೆ ತಿರುಗಿಯೂ ನೋಡಲಿಲ್ಲ. ಕೈಮುಗಿದು ಹೇಳಿದೆ, ಗದರಿಸಿದೆ, ಎತ್ತಿಕೊಂಡು ಹೋಗಿ ಇಲಿಯ ಬಿಲದ ಮುಂದೆ ಕೂರಿಸಿದೆ. ಬಿಲದ ಮುಂದೆ ಬಿಸಿಲು ಚೆನ್ನಾಗಿ ಬೀಳುತ್ತದೆ ಅನ್ನುವುದನ್ನು ಕಂಡುಕೊಂಡು ಅಲ್ಲೇ ನಿದ್ದೆ ಹೋಯಿತು.

ಅತ್ತೆಯವರ ತುಂಡು ಗದ್ದೆ ಬುಕ್ಕಸಾಗರದಲ್ಲಿತ್ತು. ರವಿವಾರ ಅಲ್ಲಿಗೆ ಹೋದಾಗ, ಗದ್ದೆ ಮಾಡುವ ಒಕ್ಕಲಿಗ ಬದುವಿನ ಮೇಲೆ ಒಂದು ಇಲಿ ಹೊಡೆದು ಹಾಕಿದ್ದ. ಬುದ್ಧಿ ಕೆಟ್ಟಿತು. ಅದನ್ನು ಎಲೆಯಲ್ಲಿ ಸುತ್ತಿಕೊಂಡು ಬಂದು, ಮಲಗಿದ್ದ ಬೆಕ್ಕಿನ ಮೂತಿಯ ಮುಂದೆ ಇಟ್ಟು, "ನೋಡ್ರಪ್ಪಾ, ಹಿಡೀತು!" ಅಂತ ಮನೆ ಹಾರಿಹೋಗುವಂತೆ ಕೂಗಿದೆ.

ಅತ್ತೆಯವರು ಬಂದರು. ಕೂತರು. ಕಡ್ಡಿಯಿಂದ ಇಲಿಯನ್ನು ಆಚೆ ಈಚೆ ಹೊರಳಿಸಿದರು. ಡಾಕ್ಟರು ಕೂಡ ಅಷ್ಟು ಹೊತ್ತು ರೋಗಿಯನ್ನು ನೋಡುವುದಿಲ್ಲ.

"ಬೆಕ್ಕೇ," ಅಂದರು, "ಮಾಸ್ತರ್ರಿಗೆ ಹೇಳು. ಮನಿ ಇಲಿ ಹೊಟ್ಟಿ ಹಿಂಗ ಬೆಳ್ಳಗ ಇರಂಗಿಲ್ಲ. ಇದರ ಉಗುರಾಗ ಎರೆಮಣ್ಣೈತಿ, ನಮ್ಮ ಮನಿ ನೆಲ ಸಗಣಿ ಸಾರಿಸಿದ್ದು. ಇದರ ಮೀಸಿಗೆ ಹತ್ತಿದ್ದು ಸಣ್ಣ ನೆಲ್ಲಿನ ತೆನಿ ಸುಂಕು, ಕಣಜದಾಗಿರೋದು ದಪ್ಪ ನೆಲ್ಲು. ಈ ಇಲಿ ಬುಕ್ಕಸಾಗರದ್ದು. ನಮ್ಮ ಬದುವಿಂದು."

ಇಂಥವರು ಪೋಲೀಸಿನಲ್ಲಿ ಇದ್ದಿದ್ದರೆ ಜಿಲ್ಲೆಯಲ್ಲಿ ಒಬ್ಬ ಕಳ್ಳ ಉಳಿಯುತ್ತಿರಲಿಲ್ಲ. ತಲೆ ತಗ್ಗಿಸಿ ನಿಂತೆ. ಅವರು ಎದ್ದು ಹೋಗುತ್ತ ಒಂದು ಮಾತು ಸೇರಿಸಿದರು:

"ಅಷ್ಟು ದೂರದಿಂದ ಹೊತ್ತು ತಂದಾರ. ಕುಂಬಳ ಬಳ್ಳಿ ಬುಡಕ್ಕ ಹುಗೀರಿ ಅಂತ ಹೇಳು."

೭. ಬೆಕ್ಕು ಬೇಕು

ಸಂಕ್ರಾಂತಿ ಬಂತು, ಹೋಯಿತು. ಇಲಿ ಸಿಗಲಿಲ್ಲ. ಮರುದಿನ ಬೆಳಿಗ್ಗೆ ಬುಕ್ಕಸಾಗರದ ಒಕ್ಕಲಿಗ ಕಬ್ಬು ಇಳಿಸಿ, ಬಂಡಿಯಲ್ಲಿ ಕಂಪ್ಲಿಯವರೆಗೆ ಹೋಗುವವನಿದ್ದ. ನಾನೇ ಬೆಕ್ಕನ್ನು ಬುಟ್ಟಿಯಲ್ಲಿ ಹಾಕಿ ಮೇಲೆ ಬಟ್ಟೆ ಕಟ್ಟಿದೆ. ಸುಳ್ಳೇಕೆ ಹೇಳಲಿ, ಕಣ್ಣಲ್ಲಿ ನೀರು ಬಂದಿತ್ತು. ಅತ್ತೆಯವರು ಒಳಗಿನಿಂದ ಅರ್ಧ ರೊಟ್ಟಿ ತಂದು ಬುಟ್ಟಿಯಲ್ಲಿಟ್ಟರು. ರೊಟ್ಟಿಯ ಮೇಲೆ ತುಪ್ಪ! ಆ ಮನೆಯಲ್ಲಿ ಕಣ್ಣಿಗೆ ಬೀಳುವಷ್ಟು ತುಪ್ಪ ನಾನು ನೋಡಿದ್ದು ಅದೇ ಮೊದಲು. ಆವತ್ತು ಅವರು ಏನೂ ಹೇಳಲಿಲ್ಲ. ಹೇಳಿಸಿಕೊಳ್ಳುವುದು ಬುಟ್ಟಿಯಲ್ಲಿತ್ತು.

ಬಂಡಿ ಓಣಿ ತಿರುಗಿ ಹೋಯಿತು. ನಾನು ಪಡಸಾಲೆಯಲ್ಲಿ ಮಂಕಾಗಿ ಕೂತಿದ್ದೆ. ಸ್ವಲ್ಪ ಹೊತ್ತಿಗೆ ಒಳಮನೆಯಿಂದ "ಅವ್ವಾ!" ಅಂತ ಹೆಂಡತಿ ಚೀರಿದಳು. ಬೆಳಕು ಹರಿಯುವ ಮುಂಚಿನಿಂದ ನೋವು ಬರುತ್ತಿದ್ದರೂ ನಾಚಿಕೆಗೆ ಹಲ್ಲು ಕಚ್ಚಿಕೊಂಡಿದ್ದಳಂತೆ.

ಅತ್ತೆಯವರು ಬಾಣದಂತೆ ಹೊರಗೆ ಬಂದರು. ನನ್ನನ್ನು ನೋಡಿದರು. ಬಾಯಿ ತೆರೆದರು. ಮುಚ್ಚಿದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

"ಬೆಕ್ಕೇ! ಬೆಕ್ಕೇ! ಎಲ್ಲಿ ಹಾಳಾಗಿ ಹೋತಿದು ಬೆಕ್ಕು!"

ಸೂಲಗಿತ್ತಿಯನ್ನು ಕರೆಯಬೇಕು, ಅಷ್ಟೇ ಅವರು ಹೇಳಬೇಕಾದ್ದು. ಅದು ನನಗೂ ಗೊತ್ತು. ಆದರೆ ನನಗೆ ಯಾರೂ ಹೇಳಿಲ್ಲವಲ್ಲ! ಅತ್ತೆ ಹೇಳುವ ಮುಂಚೆ ಅಳಿಯ ಓಡಿದರೆ ಹೆರಿಗೆಯ ವಿಷಯವನ್ನು ನೇರವಾಗಿ ಕೇಳಿಸಿಕೊಂಡ ಹಾಗಾಗುವುದಿಲ್ಲವೆ? ಆ ಗಡಿಬಿಡಿಯಲ್ಲಿ ನನಗೆ ತೋಚಿದ್ದು ಇಷ್ಟು. ನಾನೂ ಬೆಕ್ಕು ಹುಡುಕತೊಡಗಿದೆ. ಅವರು ಬಾಗಿಲ ಸಂದಿ ನೋಡಿದರು, ನಾನು ಕಣಜದ ಹಿಂದೆ ಬಗ್ಗಿ ನೋಡಿದೆ. ಒಳಗೆ ಹೆಂಡತಿ ಚೀರುತ್ತಿದ್ದಾಳೆ, ಹೊರಗೆ ಇಬ್ಬರು ಬುದ್ಧಿವಂತರು "ಚ್ಚು ಚ್ಚು ಬಾ ಬಾ" ಅನ್ನುತ್ತ ಮನೆಯೆಲ್ಲ ಸುತ್ತುತ್ತಿದ್ದೇವೆ.

ಒಮ್ಮೆಲೇ ಇಬ್ಬರಿಗೂ ನೆನಪಾಯಿತು. "ಅಯ್ಯೋ ಶಿವನ, ಬಂಡಿ!" ಅಂದರು ಅತ್ತೆಯವರು, ಗಾಳಿಗೆ.

ನಾನು ಓಡಿದೆ. ಪೇಟೆ ದಾಟಿ, ಕಮಲಾಪುರದ ರಸ್ತೆ ಹಿಡಿದು, ಧೋತರ ಮೇಲೆ ಕಟ್ಟಿಕೊಂಡು ಓಡಿದೆ. ಅನಂತಶಯನಗುಡಿ ದಾಟಿದ ಮೇಲೆ ಬಂಡಿ ಸಿಕ್ಕಿತು.

"ಯಾಕ್ರಿ ಮಾಸ್ತರ್ರ, ಏನಾತ್ರಿ?" ಅಂದ ಬಂಡಿಯವನು.

"ಹೆಂಡ್ತಿಗೆ... ಹೆರಿಗಿ ನೋವು..." ಉಸಿರು ಸಾಲಲಿಲ್ಲ. "ಜಲ್ದಿ... ಬೆಕ್ಕು ಕೊಡು!"

ಅವನು ನನ್ನ ಮುಖ ನೋಡಿದ, ಬಟ್ಟೆ ಸರಿಸಿ ಬೆಕ್ಕಿನ ಮುಖ ನೋಡಿದ. ಬುಟ್ಟಿಯನ್ನು ನನ್ನ ಕೈಗಿಟ್ಟು, ಎತ್ತುಗಳನ್ನು ಜೋರಾಗಿ ಹೊಡೆದುಕೊಂಡು ಹೊರಟುಹೋದ.

ತಿರುಗಿ ಬರುವಾಗ ನಮ್ಮ ಬಾಗಿಲಲ್ಲಿ ಎದುರು ಮನೆಯ ಅಜ್ಜಿ ಕೈ ತೊಳೆಯುತ್ತ ನಿಂತಿದ್ದಳು. "ಅಲ್ರಿ ಮಾಸ್ತರ್ರ," ಅಂದಳು, "ನನ್ನ ಬಾಗಿಲ ಮುಂದನ ಓಡಿದ್ರಿ. ಕರೀಲಿಕ್ಕ ಬಂದ್ರು ಅಂತ ನಾ ಸೆರಗು ಸಿಗಿಸಿ ಎದ್ದು ನಿಂತ್ರ, ಮುಂದ ಹೋಗೇಬಿಟ್ರಿ! ನಿಮ್ಮ ಓಟ ನೋಡಿ ನಾನ ಬಂದೆ. ಎಲ್ಲಾ ಸುಸೂತ್ರ ಆತು ನಡೀರಿ."

ಸೂಲಗಿತ್ತಿಯ ಬಾಗಿಲ ಮುಂದೆಯೇ ಹಾದು, ಸೂಲಗಿತ್ತಿಯನ್ನು ಕರೆಸಲೆಂದು ಬೆಕ್ಕು ತರಲು ಓಡಿದವನು ಭೂಮಿಯ ಮೇಲೆ ನಾನೊಬ್ಬನೇ ಇರಬೇಕು.

ಒಳಗೆ ಹೋದೆ. ಪಡಸಾಲೆಯ ಕಂಬಕ್ಕೆ ಒರಗಿ ಅತ್ತೆಯವರು ನಿಂತಿದ್ದರು. ಕಂಬ! ಮೊದಲು ಎರಡು ದಿನ ಹೇಳಿ ನೋಡಿದ ಅದೇ ಕಂಬ, ಅಷ್ಟು ಹೊತ್ತೂ ಅಲ್ಲೇ ಇತ್ತು, ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವರ ತೋಳಲ್ಲಿ ಕೌದಿ, ಕೌದಿಯ ನಡುವೆ ನನ್ನ ಬಲಗಿಸೆ, ಅಂಚಿನಲ್ಲಿ ಮುಷ್ಟಿಯಷ್ಟು ಕೆಂಪು ಮುಖ. ನನ್ನ ಕೋಟಿನ ಕಿಸೆಗೆ ಇಂಥ ಪುಣ್ಯ ಬರುತ್ತದೆ ಎಂದು ಯಾರು ಅಂದುಕೊಂಡಿದ್ದರು!

ಅತ್ತೆಯವರ ಸೆರಗು ಜಾರಿತ್ತು. ಅವರು ನನ್ನನ್ನು ನೋಡಿದರು. ನೇರವಾಗಿ, ಕಣ್ಣಲ್ಲಿ ಕಣ್ಣಿಟ್ಟು, ಮೊದಲ ಸಲ.

"ಮಾಸ್ತರ್ರ," ಅಂದರು. ಕಂಬಕ್ಕಲ್ಲ, ಬೆಕ್ಕಿಗಲ್ಲ, ನನಗೆ. ಗಂಡೋ ಹೆಣ್ಣೋ ಹೇಳುತ್ತಾರೆ ಅಂದುಕೊಂಡೆ.

"ಅಷ್ಟು ದೂರ ಓಡಿದ್ರಿ. ಚಪ್ಪಲಿ ಕಾಲಾಗ ಇದ್ವೋ, ಕೈಯಾಗ ಇದ್ವೋ?"

ನಾನು ಕಾಲು ನೋಡಿಕೊಂಡೆ. ಬರಿಗಾಲು, ಧೂಳು ಮೆತ್ತಿದೆ. ಕಂಕುಳು ನೋಡಿಕೊಂಡೆ. ಎಡಗಂಕುಳಲ್ಲಿ ಚಪ್ಪಲಿ ಜೋಡಿ ಭದ್ರವಾಗಿ ಕೂತಿತ್ತು. ಯಾವಾಗ ಬಿಚ್ಚಿದೆನೋ, ಯಾವಾಗ ಇಟ್ಟುಕೊಂಡೆನೋ, ದೇವರಾಣೆ ನನಗೆ ಗೊತ್ತಿಲ್ಲ.

ತೆಗೆದು ತೋರಿಸಿದೆ.

ಅತ್ತೆಯವರ ಕಣ್ಣು ತುಂಬಿ ಬಂದವು. "ಹಂಗಾದ್ರ ನೀವು ಈ ಮನಿಯವ್ರ" ಅಂದರು.

ಅಷ್ಟರಲ್ಲಿ ಬೆಕ್ಕು ಬುಟ್ಟಿಯಿಂದ ಹಾರಿ, ಅವರ ಕಾಲಿಗೆ ಮೈ ಉಜ್ಜುತ್ತ ಕೌದಿಯ ಕಡೆ ಮೂಗೆತ್ತಿ ಕೂತಿತು. ಅತ್ತೆಯವರಿಗೆ ಎಚ್ಚರವಾಯಿತು. ಗಡಬಡಿಸಿ ಸೆರಗು ತಲೆಗೆಳೆದುಕೊಂಡು, ಬೆಕ್ಕಿನ ಕಡೆ ತಿರುಗಿದರು.

"ಬೆಕ್ಕೇ, ಮಾಸ್ತರ್ರಿಗೆ ಹೇಳು, ಹೆಣ್ಣು ಕೂಸು, ತಾಯಿ ಮಗಳು ಇಬ್ರೂ ಆರಾಮ ಅದಾರ ಅಂತ." ಕೂಸಿನ ಕೌದಿ ಸರಿಮಾಡಿಕೊಂಡು ಅಂದರು: "ಹಂಗ... ಬೆಕ್ಕು ಇನ್ನ ಎಲ್ಲೂ ಹೋಗಂಗಿಲ್ಲ ಅಂತನೂ ಹೇಳು. ಇಲಿ ಹಿಡೀಲಿಲ್ಲಂದ್ರೂ ಮನಿಯಾಗ ಅದಕ್ಕ ಕೆಲಸ ಭಾಳ ಐತಿ."

ನಾನು ನೆಲಕ್ಕೆ ಕೂತು, ಕಣ್ಣೊರೆಸಿಕೊಂಡು, ಬೆಕ್ಕಿನ ಮೂತಿ ನೋಡಿದೆ.

"ಆಗಲಿ ಅಂತ ಹೇಳು" ಅಂದೆ.